ಒರೆಸಿಹೋದ ನೀಲಿಯ ಬಗ್ಗೆ ಹೋಸ್ಟಾ ಗಿಡದವರಿಗೆ

ಶಹಾಬಾದ, ಮಾರ್ಚ್ 1974

ಮಾನ್ಯ ಹೋಸ್ಟಾ ಅವರೇ,

ಸಿಮ್ಲಾದ ತಂಪಿನಿಂದ ನನ್ನ ಹೆಂಡತಿಯ ಅಣ್ಣನ ಟ್ರಂಕಿನಲ್ಲಿ ಹೊರಟು, ಕಲ್ಲುಗಣಿಗಳ ನಡುವಿನ ನಮ್ಮ ಹಿತ್ತಲಿಗೆ ದಯಮಾಡಿಸಿದ ತಮಗೆ ಕಾಶಪ್ಪ ಮಾಸ್ತರನ ಸಾಷ್ಟಾಂಗ ನಮಸ್ಕಾರಗಳು. ತಮಗೆ ಬಿಸಿಲು ಆಗದು, ಬಿಸಿಗಾಳಿ ಆಗದು, ಗಡಸು ನೀರಂತೂ ಆಗಲೇ ಆಗದು ಎಂದು ತಿಳಿದು, ನಾವು ಕುಡಿಯಲು ಇಟ್ಟುಕೊಂಡ ಸಿಹಿನೀರಿನ ಹೊಸ ಗಡಿಗೆಯನ್ನೇ ತಮ್ಮ ಸೇವೆಗೆ ಒಪ್ಪಿಸಿದ್ದೇನೆ.

ನೆರಳು ಮಾತ್ರ ನಮ್ಮದಲ್ಲ. ಪರ್ಸಿ ಕಲ್ಲಿನ ಗೋಡೆಯಾಚೆ ಇರುವ ಹಮೀದಾಬಿ ಚಾಚಿಯ ಬೇವಿನ ಮರದ್ದು. ಇತ್ತ ಚಾಚಿದ ಅದರ ಟೊಂಗೆಯ ಕೆಳಗೆ ತಾವು ನವಾಬರಂತೆ ಕುಳಿತಿರಿ. ವೀಳ್ಯದೆಲೆಗಿಂತ ಚಿಕ್ಕದಾದ ತಮ್ಮ ನೀಲಿ ಎಲೆಗಳನ್ನು ನೋಡಲು ಓಣಿಯೇ ಬಂತು. ನಾನೂ ಸಾಕಷ್ಟು ಉಬ್ಬಿದೆ.

ಸುಲೇಪೇಟದ ಮದುವೆಗೆ ಹೊರಟಾಗ ತಮ್ಮನ್ನು ಚಾಚಿಗೆ ಒಪ್ಪಿಸಿ ಹೋದೆ. ಕಲ್ಲು ಕೊಯ್ಯುವ ಧೂಳು ದಿನವೂ ಬೀಳುವ ಈ ಊರಿನಲ್ಲಿ ಮರ್ಯಾದಸ್ಥರು ಕಂಡದ್ದನ್ನೆಲ್ಲ ಒರೆಸುತ್ತಾರೆ: ಕಪಾಟು, ಕಿಟಕಿ, ಮಕ್ಕಳ ಮುಖ. ಚಾಚಿ ತಮ್ಮನ್ನೂ ಬಿಡಲಿಲ್ಲ. "ಎಷ್ಟ್ ಧೂಳ ಕುಂತಿತ್ತೋ ಯಪ್ಪಾ! ಒಂದೊಂದು ಎಲಿ ತಿಕ್ಕಿ ತಿಕ್ಕಿ ಹಸರು ಮಾಡೀನಿ ನೋಡು" ಎಂದು, ನಾನು ಮರಳಿದಾಗ ಹೆಮ್ಮೆಯಿಂದ ತೋರಿಸಿದರು. ತಮ್ಮ ಘನತೆವೆತ್ತ ನೀಲಿಯೆಲ್ಲ ಎಲೆಯ ಮೇಲಿನ ಬರೀ ಮೇಣದ ಪುಡಿ ಎಂಬುದನ್ನು ತಾವಾದರೂ ಮೊದಲೇ ತಿಳಿಸಬಾರದಿತ್ತೇ?

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಚಾಚಿ ಒರೆಸುವ ಬಟ್ಟೆ ಮಡಚಿಕೊಂಡು ಒಳಗೆ ಹೋದರು. ಅಂದಿನಿಂದ ಗೋಡೆಯ ಮೇಲಿಂದ ಬರುತ್ತಿದ್ದ ಚಹಾ ನಿಂತಿದೆ, ಹೆಂಡತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ, ತಾವು ಮಾತ್ರ ಅದೇ ನೆರಳಿನಲ್ಲಿ ಆರಾಮಾಗಿದ್ದೀರಿ. ಆದ್ದರಿಂದ ತಾವು ದಯವಿಟ್ಟು ಒಮ್ಮೆ ಗೋಡೆ ಹತ್ತಿ ಹೋಗಿ, ಹುಟ್ಟಿನಿಂದಲೂ ತಮ್ಮ ಬಣ್ಣ ಹಸಿರೇ ಎಂದು ಚಾಚಿಯೆದುರು ಒಪ್ಪಿಕೊಂಡು, ನನ್ನ ಪರವಾಗಿ ಕ್ಷಮೆಯನ್ನೂ ಕೇಳಿ ಬರಬೇಕಾಗಿ ವಿನಂತಿ. ನನಗೆ ಮುಖ ತೋರಿಸಲು ನಾಚಿಕೆ.

ನಿನ್ನೆ ಚಾಚಿಯ ಮಗ ನಬೀಸಾಬ್ ಆಡಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿದ್ದ. ಗೋಡೆಯಾಚೆಯಿಂದ ಚಾಚಿಯ ದನಿ ಕೇಳಿತು: "ಆ ಟೊಂಗಿ ಮುಟ್ಟಬ್ಯಾಡ. ಕಾಶಪ್ಪನ ಗಿಡಕ್ಕ ಬಿಸಲು ಬೀಳ್ತದ." ನನಗೆ ಕಣ್ಣು ತುಂಬಿ ಬಂತು. ತಾವು ಒಂದು ಎಲೆಯನ್ನೂ ಅಲ್ಲಾಡಿಸಲಿಲ್ಲ.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಕಾಶಪ್ಪ

ತಾ.ಕ.: ಇಂದು ಬೆಳಿಗ್ಗೆ ತಮ್ಮ ಹೊಸ ಎಲೆಯೊಂದು ಅಚ್ಚ ನೀಲಿಯಾಗಿ ಬಿಚ್ಚಿಕೊಂಡಿದೆ. ನಾನೇ ಗೋಡೆಯ ಬಳಿ ಹೋಗಿ, ಮತ್ತೆ ಧೂಳು ಕೂತಿದೆ, ಬಂದು ಒರೆಸಿಕೊಡಿ ಎಂದು ಚಾಚಿಯನ್ನು ಕರೆದಿದ್ದೇನೆ. ಬರುತ್ತಿದ್ದಾರೆ. ತಾವು ಅಲುಗಾಡದೆ ಕುಳಿತಿರತಕ್ಕದ್ದು.