ಬೆನ್ನುಚೀಲ ಹೊತ್ತು ಗಜೇಂದ್ರಗಡದ ಕೋಟೆಗೆ

ಶಿಸ್ತಿನಿಂದ ಪ್ರವಾಸ ಹೊರಟವನಿಗೆ ಪ್ರತಿ ಊರಿನಲ್ಲೂ ಒಂದು ಅಡ್ಡಿ ಕಾದಿರುತ್ತದೆ. ನಮ್ಮ ಸೀಮೆಯಲ್ಲಿ ಅದನ್ನು ಆತಿಥ್ಯ ಎನ್ನುತ್ತಾರೆ.

ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾದ ಮೇಲೆ ಬೆನ್ನಿಗೊಂದು ಚೀಲ ಏರಿಸಿ ಒಬ್ಬನೇ ತಿರುಗುತ್ತೇನೆ. ಈ ಸಲ ಗಜೇಂದ್ರಗಡದ ಕೋಟೆ ಹತ್ತದಿದ್ದರೆ ಚೀಲವನ್ನು ಅಟ್ಟಕ್ಕೆಸೆದು ಮನೆಯಲ್ಲೇ ಕೂರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟೆ. ಅವಳು ಕೂಡಲೇ ಸೂಜಿದಾರ ತಂದಳು. ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹೊಲಿದುಕೊಟ್ಟಳು.

ಮೆಣಸಿನಕಾಯಿ ಕಾವಲು

ರೋಣದ ಹಳೆಯ ಕಲ್ಲುಗುಡಿಯ ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಕೆಂಪು ಮೆಣಸಿನಕಾಯಿ ಹರವಿದ್ದರು. ಪ್ರಾಚೀನ ಶಿಲ್ಪಕ್ಕೆ ಇದು ಅಪಚಾರವೆಂದು ನಿಂತಲ್ಲಿಯೇ ಪಾಠ ಮಾಡಿದೆ. ಅವರು ಕೊನೆಯವರೆಗೂ ತಲೆದೂಗಿ ಕೇಳಿದರು.

"ಇಷ್ಟ ಕಾಳಜಿ ಇದ್ದವರು ಸಿಗೂದಿಲ್ಲ ನೋಡ್ರಿ. ಇಲ್ಲೇ ಕುಂದರ್ರಿ, ಆಡು ಬಂದ್ರ ಹೊಡೀರಿ. ನಾ ಉಂಡು ಬರ್ತೀನಿ."

ಕೈಗೆ ಕೋಲು ಬಂದ ಮೇಲೆ ಕರ್ತವ್ಯ ಬಿಟ್ಟೇಳುವ ಅಭ್ಯಾಸ ನನಗಿಲ್ಲ. ಅಜ್ಜಿ ಉಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು; ಗುಡಿಯೊಳಗೆ ಏನಿದೆಯೋ ಇಂದಿಗೂ ತಿಳಿಯದು. ಬಂದ ಆಡುಗಳು ಮಾತ್ರ ನನ್ನ ಕೋಲಿಗೆ ಹೆದರಿ ಸಾಲಾಗಿ ಹಿಂದಿರುಗಿದವು.

ಎರಡೇ ರೊಟ್ಟಿ

ಕೋಟೆಗೆ ಮುನ್ನ ನರಗುಂದದ ಗುಡ್ಡ ಹತ್ತಿ ಕಾಲು ಪಳಗಿಸಬೇಕೆಂದಿದ್ದೆ. ಮೊದಲು ಖಾನಾವಳಿಗೆ ಹೋಗಿ, ಎರಡೇ ರೊಟ್ಟಿ ಸಾಕೆಂದು ಆಜ್ಞಾಪಿಸಿದೆ. ಖಾನಾವಳಿಯ ಅಕ್ಕನವರು ಎರಡೇ ತಂದರು. ಪಲ್ಯ ಉಳಿಯಿತೆಂದು ಮತ್ತೊಂದು ರೊಟ್ಟಿ, ರೊಟ್ಟಿ ಉಳಿಯಿತೆಂದು ಮತ್ತಷ್ಟು ಪಲ್ಯ, ಎರಡೂ ಮುಗಿದವೆಂದು ಶೇಂಗಾ ಚಟ್ನಿ, ಮೊಸರು, ಪುನಃ ರೊಟ್ಟಿ. ತಾಟಿಗೆ ಅಂಗೈ ಅಡ್ಡ ಹಿಡಿದೆ. ರೊಟ್ಟಿಯನ್ನು ಅಂಗೈ ಮೇಲೆಯೇ ಇಟ್ಟರು.

ಏಳಲು ಆಗಲಿಲ್ಲ. ಗುಡ್ಡ ತಪ್ಪಿತೆಂದು ಗದರಿದೆ. ಅವರು ಶಾಂತವಾಗಿ ಚಾಪೆ ಹಾಸಿದರು.

"ಮಲಕೋರಿ ಸರ. ಕಿಟಕ್ಯಾಗಿಂದ ಗುಡ್ಡ ಚಲೋ ಕಾಣಸ್ತೈತಿ."

ಚಹಾದಂಗಡಿಯ ರಾಜಿ

ಗಜೇಂದ್ರಗಡದ ಚಹಾದಂಗಡಿಯಲ್ಲಿ ಕೋಟೆಯ ದಾರಿ ಕೇಳಿದೆ. ಅಲ್ಲಿದ್ದವರು ಇಬ್ಬರು ಹಿರಿಯರು: ಜವಳಿ ವ್ಯಾಪಾರದ ಸಾಹೇಬರು, ಅವರ ಗೆಳೆಯ ಗೌಡರು. ನನ್ನ ನರೆತ ತಲೆಯನ್ನೂ ಉಬ್ಬಿದ ಚೀಲವನ್ನೂ ಕಂಡು ಮುಖಮುಖ ನೋಡಿಕೊಂಡರು. ಈ ವಯಸ್ಸಿನವನು ಗಂಟು ಹೊತ್ತು ಒಬ್ಬನೇ ಬಂದನೆಂದರೆ ಮನೆಯಲ್ಲಿ ಮುನಿಸಿಕೊಂಡು ಬಂದನೆಂದೇ ಅಲ್ಲಿಯ ಲೆಕ್ಕ. ಅಂಥವನಿಗೆ ಚಹಾ ಕುಡಿಸಿ, ಬುದ್ಧಿ ಹೇಳಿ ಬಸ್ಸು ಹತ್ತಿಸುವುದು ಹಿರಿಯರ ಧರ್ಮ.

ನಾನು ಪ್ರವಾಸಿ ಎಂದೆ. ಎಲ್ಲರೂ ಮೊದಲು ಹಾಗೆಯೇ ಹೇಳುತ್ತಾರೆ ಎಂದರು. ಸಿಟ್ಟಿನಿಂದ ಮೇಜು ಕುಟ್ಟಿದೆ. ಅವರ ಅನುಮಾನ ಗಟ್ಟಿಯಾಯಿತು. ಗೌಡರು ನನ್ನ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟರು. ಕೋಟೆ ಬೆನ್ನ ಹಿಂದಾಯಿತು. ಕೊಟ್ಟ ಮಾತು ಕೆಟ್ಟಿತು, ಇನ್ನು ಅಟ್ಟವೇ ಗತಿ ಎಂದುಕೊಂಡೆ.

ಆಗ ಹೆಂಡತಿಯ ಫೋನು ಬಂತು. ಸಾಹೇಬರು ಅದನ್ನು ನನ್ನ ಕೈಯಿಂದ ವಿನಯವಾಗಿ ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ಯಜಮಾನ್ರು ನಮ್ಮ ಹತ್ರ ಅದಾರ. ಸಿಟ್ಟು ಇಳಿಸಿ ಈಗಿನ ಬಸ್ಸಿಗೇ ಕಳಸ್ತೀವಿ."

ಹೆಂಡತಿ ನೇರವಾಗಿ ವಿಷಯಕ್ಕೇ ಬಂದಳು.

"ಕ್ವಾಟಿ ಹತ್ತಿದ್ರೇನ್ರಿ ಅವರು?"

"ಇಲ್ರಿ, ನಾವ ಬಿಡಲಿಲ್ಲ."

"ಅಯ್ಯ ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲ ಹತ್ತಸ್ರಿ. ಹತ್ತಲಿಲ್ಲಂದ್ರ ಅವರು ಮನ್ಯಾಗ ಕುಂದರ್ತಾರ."

ಗೌಡರು ಚೀಲದೊಂದಿಗೆ ಕೋಟೆಯ ಕಡೆ ತಿರುಗಿದರು. ಸಾಹೇಬರು ನನ್ನ ರಟ್ಟೆ ಹಿಡಿದರು. ಫೋನಿನಲ್ಲಿ ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಇಳಸಾಕ ಮಾತ್ರ ಗಡಿಬಿಡಿ ಮಾಡಬ್ಯಾಡ್ರಿ."