ಸತ್ತಾರ್ ಸಾಹೇಬರ ಬಿನ್ನವತ್ತಳೆ

ಬೆಳಿಗ್ಗೆ ಒಂಬತ್ತೂಕಾಲಿಗೆ ವಾಚನಾಲಯದ ಕಂಪ್ಯೂಟರಿನಲ್ಲಿ ಇಮೇಲ್ ತೆರೆದ ವೆಂಕಟಾಚಲ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದು, ಹಾಗೆಯೇ ನಿಂತುಬಿಟ್ಟರು. ಪರದೆಯ ತುಂಬ ಬರೀ ಚೌಕಗಳು! ಒಂದರ ಪಕ್ಕಕ್ಕೊಂದು, ಒಂದರ ಕೆಳಗೊಂದು, ಹೊಸದಾಗಿ ಟೈಲ್ಸ್ ಹಾಕಿಸಿದ ಬಚ್ಚಲಿನ ಗೋಡೆಯಂತೆ.

"ವಾಣಿ! ಇದೇನಮ್ಮ ಇದು?"

ವಾಚನಾಲಯದ ಗುಮಾಸ್ತೆ ವಾಣಿ ಪತ್ರಿಕೆಗಳಿಗೆ ಮೊಹರು ಹಾಕುವುದನ್ನು ಬಿಟ್ಟು ಬಂದು ನೋಡಿದಳು. "ಅಯ್ಯೋ ಸಾರ್, ಉರ್ದು ಅಲ್ವಾ ಬರ್ಬೇಕಿದ್ದಿದ್ದು?"

"ಅವರು ಉರ್ದುವನ್ನೇ ಕಳಿಸಿದಾರೆ. ಈ ಯಂತ್ರ ಅದನ್ನ ಹೀಗೆ ಮಾಡಿಟ್ಟಿದೆ!"

ಸಂಜೆ ಐದಕ್ಕೆ ಸಮಾರಂಭ. ಬಸವನಗುಡಿಯ ಆ ಪುಟ್ಟ ವಾಚನಾಲಯದ ಪುಸ್ತಕಗಳಿಗೆ ನಲವತ್ತು ವರ್ಷ ರಟ್ಟು ಕಟ್ಟಿದ ಚಾಮರಾಜಪೇಟೆಯ ಅಬ್ದುಲ್ ಸತ್ತಾರ್ ಸಾಹೇಬರಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿಗಳು ಸಿದ್ಧವಾಗಿದ್ದವು. ಉಳಿದಿದ್ದುದು ಬಿನ್ನವತ್ತಳೆ, ಸನ್ಮಾನಿತರ ಗುಣಗಳನ್ನು ಬರೆದು, ಗಾಜು ಹಾಕಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ ಅರ್ಪಿಸುವ ಪತ್ರ. ಅದಿಲ್ಲದ ಸನ್ಮಾನವನ್ನು ಈ ಬಡಾವಣೆ ಸನ್ಮಾನವೆಂದು ಒಪ್ಪುವುದಿಲ್ಲ.

ಈ ಬಿನ್ನವತ್ತಳೆಯ ವಿಷಯದಲ್ಲಿ ಮೇಷ್ಟ್ರು ಕಾರ್ಯಕಾರಿ ಸಮಿತಿಯಲ್ಲಿ ಮೇಜು ಗುದ್ದಿದ್ದರು. "ಒಬ್ಬ ಹಿರಿಯರಿಗೆ ಅವರು ಓದಲಾರದ ಭಾಷೇಲಿ ಹೊಗಳಿಕೆ ಬರೆದು ಕೊಡೋದು ಸನ್ಮಾನವಲ್ಲ, ದಬ್ಬಾಳಿಕೆ! ಸತ್ತಾರ್ ಸಾಹೇಬರಿಗೆ ಅವರು ಓದೋ ಭಾಷೇಲೇ ಬಿನ್ನವತ್ತಳೆ ಕೊಡ್ತೀನಿ. ಇಲ್ದಿದ್ರೆ ಅದೇ ವೇದಿಕೆ ಮೇಲೆ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ!" ಹನ್ನೊಂದು ವರ್ಷಗಳಿಂದ ಅವರು ಉಸಿರಿನಂತೆ ಕಾಪಾಡಿಕೊಂಡು ಬಂದಿದ್ದ ಸ್ಥಾನವದು. ಅಧ್ಯಕ್ಷ ಮರಿಯಣ್ಣ ಆ ಮಾತನ್ನು ನಗುನಗುತ್ತಲೇ ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡಿದ್ದರು.

ಮೇಷ್ಟ್ರು ಕನ್ನಡದಲ್ಲಿ ಬಿನ್ನವತ್ತಳೆಯನ್ನು ರಚಿಸಿ, ಅನುವಾದಕ್ಕಾಗಿ ನಿವೃತ್ತ ಉರ್ದು ಪ್ರಾಧ್ಯಾಪಕರೊಬ್ಬರಿಗೆ ಕಳಿಸಿದ್ದರು. ಜೊತೆಗೊಂದು ಷರತ್ತು: "ದಯವಿಟ್ಟು ಉತ್ತರದಲ್ಲಿ ಉರ್ದುವಿನ ಹೊರತು ಒಂದಕ್ಷರವೂ ಇರಕೂಡದು. ನಮ್ಮ ಅನುಕೂಲಕ್ಕಾಗಿ ತಮ್ಮ ಭಾಷೆ ತಲೆಬಾಗಬಾರದು." ಉತ್ತರ ಬಂದಿತ್ತು. ಪ್ರಾಧ್ಯಾಪಕರು ದೆಹಲಿಯ ವಿಮಾನ ಹತ್ತಿದ್ದರು. ಅವರ ಫೋನು ಸ್ವಿಚ್ ಆಫ್ ಆಗಿತ್ತು.

"ಕಂಪ್ಯೂಟರಲ್ಲಿ ಉರ್ದು ಅಕ್ಷರ ತೋರ್ಸೋ ಫಾಂಟ್ ಇಲ್ಲ ಸಾರ್, ಅಷ್ಟೇ. ಹಾಕ್ಕೊಂಡ್ರೆ ಬರತ್ತೆ," ಎಂದಳು ವಾಣಿ. "ಅಲ್ಲೀವರ್ಗೂ ಫೋನಲ್ಲಿ ಕನ್ನಡಕ್ಕೆ ಅನುವಾದ ಮಾಡಿ ನೋಡೋಣ್ವಾ? ಏನ್ ಬರ್ದಿದಾರೆ ಅಂತನಾದ್ರೂ ಗೊತ್ತಾಗತ್ತೆ."

ಮೇಷ್ಟ್ರು ದಿಗ್ಭ್ರಾಂತರಾದರು. "ಒಬ್ಬ ವಿದ್ವಾಂಸರ ಬರಹವನ್ನ ಯಂತ್ರದ ಕೈಲಿ ಪರೀಕ್ಷೆ ಮಾಡಿಸೋದೆ? ಇದಕ್ಕಿಂತ ಅವಮಾನ ಉಂಟೇನಮ್ಮ!"

ವಾಣಿ ಫೋನನ್ನು ಚೀಲದೊಳಗಿಟ್ಟಳು.

ಅಷ್ಟರಲ್ಲಿ ಮರಿಯಣ್ಣ ಬಂದರು. ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರು. ತಂತಿಯಿರುವ ಎಲ್ಲ ವಸ್ತುಗಳ ಮೇಲೂ ತಮಗೆ ಜನ್ಮಸಿದ್ಧ ಹಕ್ಕಿದೆಯೆಂದು ತಿಳಿದವರು.

"ವೈರಸ್ಸು ಕಣ್ರೀ ಇದು! ದುಡ್ಡು ಕೊಟ್ಟು ವಿಂಡೋಸ್ ಹಾಕಿಸ್ರೀ ಅಂದ್ರೆ ಕೇಳ್ಲಿಲ್ಲ ನೀವು."

"ದುಡ್ಡು ಕೊಡೋದಕ್ಕೆ ಸಮಿತಿ ಒಪ್ಪಲಿಲ್ಲ, ಕದ್ದದ್ದನ್ನ ಹಾಕೋದಕ್ಕೆ ನಾನು ಒಪ್ಪಲಿಲ್ಲ. ಅದಕ್ಕೇ ಧರ್ಮಕ್ಕೆ ಸಿಗೋ ಲಿನಕ್ಸ್. ಗ್ರಂಥಾಲಯದ ಹೊಸ್ತಿಲು ದಾಟಿ ಕಳ್ಳಮಾಲು ಒಳಗೆ ಬರಬಾರದು, ಮರಿಯಣ್ಣ!"

ವಾಣಿ ಉಚಿತವಾಗಿ ಸಿಗುವ ಉರ್ದು ಫಾಂಟೊಂದನ್ನು ಹುಡುಕಿ ಇಳಿಸಿದಳು. ಪರದೆಯಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು, ಅದರಲ್ಲಿ ಆಜ್ಞೆಗಳನ್ನು ಬರೆದು, ಫಾಂಟನ್ನು ಅದರ ಕೋಶಕ್ಕೆ ಸೇರಿಸಬೇಕಿತ್ತು. ಅರ್ಧ ಗಂಟೆ ತಡಕಾಡಿದ ಮೇಲೆ ಯಂತ್ರ ಒಂದೇ ಸಾಲಿನಲ್ಲಿ ಉತ್ತರಿಸಿತು: ಜಾಗವಿಲ್ಲ.

"ಜಾಗ ಇಲ್ದಿದ್ರೆ ಮಾಡ್ಬೇಕು," ಎಂದು ಮರಿಯಣ್ಣ ಕುರ್ಚಿಯೆಳೆದು ಕೂತರು. "ಆ ಕೋಶದಲ್ಲಿ ಏನೇನಿದೆ ಓದಮ್ಮ."

"ಎಲ್ಲಾ ಹಳೇ ಫಾಂಟ್‌ಗಳು ಸಾರ್. ಲೋಹಿತ್... ಗುಬ್ಬಿ... ನವಿಲು..."

"ಉರ್ದೂನಾ ಅವು?"

"ಅಲ್ಲ ಅನ್ಸತ್ತೆ. ಆದ್ರೆ ಬೇಕಾಗ್ಬೋದೇನೋ ಸಾರ್, ಯಾವ್ದು ಯಾತಕ್ಕೆ ಅಂತ ನೋಡ್ಕೊಂಡು..."

"ಉರ್ದು ಅಲ್ದಿದ್ದ ಮೇಲೆ ಇವತ್ತು ನಮಗ್ಯಾಕೆ? ಇಂಗ್ಲಿಷಿಂದೊಂದು ಇಟ್ಕೊಂಡು ಮಿಕ್ಕಿದ್ದೆಲ್ಲ ತೆಗೀರಿ. ಸಂಜೆ ಐದಕ್ಕೆ ಸಭೆ ಇರೋದು, ಮುಂದಿನ ಯುಗಾದಿಗಲ್ಲ."

ಮೇಷ್ಟ್ರ ಕಣ್ಣೆದುರು ನಡಾವಳಿ ಪುಸ್ತಕ ತೇಲಿತು. "ಅಳಿಸಲೇ?" ಎಂದು ಯಂತ್ರ ಕೇಳಿದಾಗ ವಾಣಿ ಬೆರಳು ಹಿಂದೆಳೆದಳು. ಮೇಷ್ಟ್ರು ತಾವೇ ಮುಂದೆ ಬಾಗಿ ಗುಂಡಿ ಒತ್ತಿದರು.

ಉರ್ದು ಬಂತು. ಆದರೆ ಎಂಥ ಉರ್ದು! ಅಕ್ಷರಗಳು ಒಂದರ ಕೈ ಇನ್ನೊಂದು ಹಿಡಿಯದೆ, ದಾಯಾದಿ ಜಗಳದಲ್ಲಿ ಮನೆ ಹಂಚಿಕೊಂಡವರಂತೆ ದೂರದೂರ ಕುಳಿತಿದ್ದವು. ಮೇಷ್ಟ್ರಿಗೆ ಉರ್ದು ಬಾರದಿದ್ದರೂ ಇಷ್ಟು ಒಡಕಿನ ಭಾಷೆ ಲೋಕದಲ್ಲಿರಲಾರದೆಂದು ಗೊತ್ತಿತ್ತು. ಮತ್ತೊಂದು ತಂತ್ರಾಂಶ ತೆರೆದರು; ಅಕ್ಷರಗಳು ಕೂಡಿಕೊಂಡವು, ಆದರೆ ಸಾಲುಗಳೆಲ್ಲ ಎಡಗೋಡೆಗೆ ಒರಗಿ ನಿಂತವು. ಬಲದಿಂದ ಎಡಕ್ಕೆ ಹರಿಸುವ ಗುಂಡಿ ಸಿಗುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಎರಡೂವರೆಗೆ ಇಳಿಜಾರಿನಲ್ಲಿ ತೂಗುವ ಆ ಲಿಪಿ ಪರದೆಯ ಮೇಲೆ ಮೈದುಂಬಿ ನಿಂತಾಗ ಮೇಷ್ಟ್ರ ಕಣ್ಣು ಒದ್ದೆಯಾಯಿತು.

"ಎಷ್ಟು ಗಂಭೀರವಾಗಿದೆ ನೋಡಮ್ಮ. ಓದದೇ ಇದ್ರೂ ಅರ್ಥವಾಗುತ್ತೆ."

"ನಾವು ಕಳಿಸಿದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿದೆ ಅಲ್ವಾ ಸಾರ್?"

"ಸಂಕ್ಷಿಪ್ತತೆ ಆ ಭಾಷೆಯ ಗುಣ," ಎಂದರು ಮೇಷ್ಟ್ರು.

ಮುದ್ರಿಸಿದ ಹಾಳೆಯ ಮೇಲೆ ಮರಿಯಣ್ಣ ಅಧ್ಯಕ್ಷರ ಸಹಿ ಮಾಡಿ, ವಾಚನಾಲಯದ ದುಂಡು ಮುದ್ರೆಯೊತ್ತಿದರು. ಡಿ.ವಿ.ಜಿ. ರಸ್ತೆಯ ಚೌಕಟ್ಟಿನಂಗಡಿಯವನು "ಸಾರ್, ಮೇಲ್ಯಾವ್ದು ಕೆಳಗ್ಯಾವ್ದು?" ಎಂದು ಕೇಳಿದ. ಮೇಷ್ಟ್ರು ಮುದ್ರೆಯನ್ನು ಗುರುತಾಗಿ ತೋರಿಸಿ ಕೃತಾರ್ಥರಾದರು.

ಐದಕ್ಕೆ ಸಭೆ ತುಂಬಿತ್ತು. ಸತ್ತಾರ್ ಸಾಹೇಬರ ಮನೆಯವರೆಲ್ಲ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಶಾಲು ಹೊದಿಸಿದ್ದಾಯಿತು, ಪೇಟ ತೊಡಿಸಿದ್ದಾಯಿತು. ಮೇಷ್ಟ್ರು ಬಿನ್ನವತ್ತಳೆಯ ಮೇಲಿನ ರೇಷ್ಮೆ ಬಟ್ಟೆ ಸರಿಸಿ ಹೇಳಿದರು:

"ಸಾಹೇಬರೇ, ಇದು ತಮ್ಮ ಭಾಷೆಯಲ್ಲಿದೆ. ಇದನ್ನು ತಾವೇ ಓದಿ ಸಭೆಗೆ ಕೇಳಿಸಬೇಕು."

ಸಾಹೇಬರು ಅದನ್ನು ಕೈಗೆತ್ತಿಕೊಂಡು, ಮೊದಲು ಕಟ್ಟಿನ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಸಂಕೋಚದಿಂದ ನಕ್ಕರು.

"ಫ್ರೇಮು ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಓದೋಕೆ ನಂಗೆ ಬರಲ್ಲ."

"ಕನ್ನಡಕ ತಂದಿಲ್ವೆ?"

"ಕನ್ನಡಕ ಇದೆ. ಉರ್ದು ಅಕ್ಷರ ಬರಲ್ಲ. ಮನೇಲಿ ಮಾತಾಡ್ತೀವಿ, ಅಷ್ಟೇ. ನಾನು ಓದಿದ್ದು ಚಾಮರಾಜಪೇಟೆ ಕನ್ನಡ ಸ್ಕೂಲು. ನಿಮ್ಮ ಪುಸ್ತಕಗಳ ಬೆನ್ನ ಮೇಲೆ ನಲವತ್ತು ವರ್ಷದಿಂದ ಹೆಸರು ಬರೀತಾ ಇರೋದು ಯಾರು ಅಂದ್ಕೊಂಡಿದೀರಿ?"

ಮೇಷ್ಟ್ರಿಗೆ ಸಿಡಿಲು ಬಡಿದಂತಾಯಿತು. ಆ ಮುತ್ತಿನಂಥ ಕನ್ನಡ ಅಕ್ಷರಗಳನ್ನು ಅವರು ಪ್ರತಿನಿತ್ಯ ನೋಡುತ್ತಿದ್ದರು, ಹೊಗಳುತ್ತಲೂ ಇದ್ದರು. ಬರೆದ ಕೈ ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ. ಮನುಷ್ಯನ ಹೆಸರು ಕೇಳಿ ಅವನ ಅಕ್ಷರಾಭ್ಯಾಸವನ್ನು ತೀರ್ಮಾನಿಸುವುದು ಎಂಥ ಉದ್ಧಟತನ! ಅದೂ ನ್ಯಾಯದ ಹೆಸರಿನಲ್ಲಿ!

"ಕೊಡಿ ಇಲ್ಲಿ, ನಾನು ಓದ್ತೀನಿ," ಎಂದಿತು ಮುಂದಿನ ಸಾಲಿನ ಒಂದು ದನಿ. ಎಂಬತ್ತೇಳರ ಸುಂದರಮ್ಮ, ಪ್ರತಿ ಸಂಜೆ ವಾಚನಾಲಯಕ್ಕೆ ಬರುವ ಹಳೆಯ ಸದಸ್ಯೆ. "ನಾನು ಹುಟ್ಟಿದ್ದು ಕಲಬುರ್ಗೀಲಿ. ನಿಜಾಮರ ಕಾಲದಲ್ಲಿ ಸ್ಕೂಲಲ್ಲಿ ನಮಗೆ ಕಲಿಸ್ತಿದ್ದಿದ್ದೇ ಉರ್ದು. ಯಾರೂ ನನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಸುಂದರಮ್ಮ ಚೌಕಟ್ಟನ್ನು ಮೂಗಿನ ಹತ್ತಿರ ಹಿಡಿದು, ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಹೇಳತೊಡಗಿದರು.

"ಮಾನ್ಯ ಕಾರ್ಯದರ್ಶಿಗಳೇ, ತಮ್ಮ ಅಪ್ಪಣೆಯಂತೆ ಉರ್ದುವಿನಲ್ಲೇ ಬರೆಯುತ್ತಿದ್ದೇನೆ. ಸತ್ತಾರ್ ನನ್ನ ತಂಗಿಯ ಗಂಡ. ಅವನಿಗೆ ಉರ್ದು ಓದಲು ಬರುವುದಿಲ್ಲ. ಆದ್ದರಿಂದ ನಾನು ಅನುವಾದ ಮಾಡಿಲ್ಲ. ತಮ್ಮ ಕನ್ನಡ ಬಿನ್ನವತ್ತಳೆ ಸೊಗಸಾಗಿದೆ, ಅದನ್ನೇ ಕೊಡಿ. ಎರಡು ಕಡೆ ಕಾಗುಣಿತ ತಪ್ಪಿದೆ, ತಿದ್ದಿಕೊಳ್ಳಿ." ಪತ್ರದ ತುದಿಗೆ ಬೆರಳಿಟ್ಟು ಸೇರಿಸಿದರು: "ಕೆಳಗೆ ನಮ್ಮ ಅಧ್ಯಕ್ಷರ ಸಹಿ, ಮೊಹರು."

ಮರುಕ್ಷಣ ಎರಡನೆಯ ಸಾಲಿನಿಂದ ನಗೆಯ ಬುಗ್ಗೆಯೆದ್ದು ಹಿಂದಿನ ಗೋಡೆಯವರೆಗೂ ಹರಿಯಿತು.

ನಗದಿದ್ದವರು ಸತ್ತಾರ್ ಸಾಹೇಬರೊಬ್ಬರೇ. "ಇರ್ಲಿ ಬಿಡಿ ಮೇಷ್ಟ್ರೇ. ಕನ್ನಡದ್ದು ಇದೆಯಂತಲ್ಲ, ಅದನ್ನೇ ಓದಿ. ನನ್ನ ಬಗ್ಗೆ ಏನ್ ಬರ್ದಿದೀರ ಅಂತ ನಮ್ಮನೆಯೋರು ಕೇಳ್ಬೇಕು ಅಂತಾನೇ ಬಂದಿದಾರೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಇನ್ನೂ ಮಾತು ಉಳಿಯಬಹುದು! ಸಾಹೇಬರು ಓದುವ ಭಾಷೆಯಲ್ಲೇ ಬಿನ್ನವತ್ತಳೆ ಕೊಡಬಹುದು! "ಎರಡೇ ನಿಮಿಷ, ಮುದ್ರಿಸಿ ತರ್ತೀನಿ!" ಎನ್ನುತ್ತ ವೇದಿಕೆಯಿಂದಿಳಿದು ಒಳಗೋಡಿದರು. ಕಂಪ್ಯೂಟರಿನಲ್ಲಿ ತಮ್ಮ ಕನ್ನಡ ಕಡತವನ್ನು ಹುಡುಕಿ ತೆರೆದರು.

ಪರದೆಯ ತುಂಬ ಚೌಕಗಳು.

ಹಿಂದೆಯೇ ಬಂದ ವಾಣಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಸಾರ್... ಬೆಳಿಗ್ಗೆ ಅಳಿಸಿದ್ವಲ್ಲ, ಆ ಗುಬ್ಬಿ, ನವಿಲು... ಅವೇ ಕನ್ನಡದ ಫಾಂಟು!"

ಅವಳ ಹೆಗಲ ಮೇಲಿಂದ ಇಣುಕಿದ ಮರಿಯಣ್ಣ ನಾಲಗೆ ಕಚ್ಚಿಕೊಂಡರು. ಆಮೇಲೆ ಮೇಜಿನ ಖಾನೆಯಿಂದ ಒಂದು ಬಿಳಿಯ ಹಾಳೆ ತೆಗೆದು, ತಮ್ಮ ಜೇಬಿನ ಪೆನ್ನಿನೊಂದಿಗೆ ಮೇಷ್ಟ್ರ ಮುಂದಿಟ್ಟರು.

"ರಾಜೀನಾಮೆ ಕೈಲೇ ಬರ್ದ್ಕೊಡಿ ಮೇಷ್ಟ್ರೇ. ಟೈಪ್ ಮಾಡಿದ್ರೆ ಸಮಿತಿಯೋರಿಗೆ ಓದೋಕಾಗಲ್ಲ."