ಮಸ್ಕಿಯಲ್ಲಿ ದೊರೆತ ಪುರಾವೆ

ಯಾರಾದರೂ ಏನನ್ನಾದರೂ ಹೇಳಿದ ಕೂಡಲೇ ನಂಬಿಬಿಡುವ ಸುಖವನ್ನು ವಿಧಿ ನನಗೆ ಕರುಣಿಸಲಿಲ್ಲ. ‘ಈ ಸಲ ಬಿಸಿಲು ಜಾಸ್ತಿ’ ಎಂದು ನೆರೆಯವರು ಅಂದರೆ, ‘ಯಾವ ವರ್ಷಕ್ಕೆ ಹೋಲಿಸಿ?’ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಲಗ್ನಪತ್ರಿಕೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಾರೀಖನ್ನೂ ವಾರವನ್ನೂ ಕ್ಯಾಲೆಂಡರಿನೊಡನೆ ತಾಳೆ ನೋಡುತ್ತೇನೆ. ಆಮೇಲೆ ತಿಥಿಯನ್ನು ಪಂಚಾಂಗದೊಡನೆ. ವಳಕಮದಿನ್ನಿಯ ಬೀಗರೊಬ್ಬರ ಪತ್ರಿಕೆಯಲ್ಲಿ ವಾರಕ್ಕೂ ತಾರೀಖಿಗೂ ಹೊಂದಾಣಿಕೆ ಇರಲಿಲ್ಲ. ತಿಥಿ, ನಕ್ಷತ್ರಗಳೆರಡೂ ತಾರೀಖಿನ ಪರವಾಗಿ ಸಾಕ್ಷಿ ನುಡಿದದ್ದರಿಂದ, ವಾರವೇ ಅಚ್ಚಿನ ದೋಷವೆಂದು ತೀರ್ಮಾನಿಸಿ ತಾರೀಖಿನ ದಿನವೇ ಸಪತ್ನೀಕನಾಗಿ ಹೋದೆ. ಅಲ್ಲಿ ಚಪ್ಪರದ ಗಳಗಳನ್ನು ಬಿಚ್ಚುತ್ತಿದ್ದರು. ಪತ್ರಿಕೆಯ ದೋಷವನ್ನು ನಾನು ಬೀಗರಿಗೆ ವಿವರವಾಗಿ ತಿಳಿಸಿದೆ. ಅವರು ಕೈಮುಗಿದು ಕೇಳಿಸಿಕೊಂಡರು. ಹಿಂತಿರುಗುವಾಗ ನನ್ನ ಹೆಂಡತಿ ನೀಲಮ್ಮ, “ನಿಮ್ಮ ಲೆಕ್ಕ ಬರೋಬ್ಬರಿ ಐತ್ರಿ. ಆ ಹುಡುಗ ಹುಡುಗೀನ ತಪ್ಪು ದಿನ ಮದುವಿ ಮಾಡಿಕೊಂಡಾರ,” ಎಂದಳು.

ಈ ಸ್ವಭಾವಕ್ಕೆ ನನ್ನ ವೃತ್ತಿಯೂ ಕಾರಣವಿರಬಹುದು. ಕಾದು ನೀರಾದ ಲೋಹವು ಮರಳಿನ ಅಚ್ಚಿನೊಳಗೆ ಹೇಗೆ ಹರಿಯುತ್ತದೆ, ಯಾವ ಇಕ್ಕಟ್ಟಿನಲ್ಲಿ ತಡೆಯುತ್ತದೆ, ಎಲ್ಲಿ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ ಎಂಬುದನ್ನು ಎರಕ ಹೊಯ್ಯುವ ಮೊದಲೇ ಕಂಪ್ಯೂಟರಿನ ಪರದೆಯ ಮೇಲೆ ಲೆಕ್ಕ ಹಾಕಿ ತೋರಿಸುವುದು ನನ್ನ ಸಂಶೋಧನೆಯ ವಿಷಯ. ಪರದೆಯ ಮೇಲೆ ಲೋಹ ನನ್ನ ಮಾತನ್ನು ಚಾಚೂ ತಪ್ಪದೆ ಕೇಳುತ್ತಿತ್ತು. ಎರಕದ ಕಾರ್ಖಾನೆಯಲ್ಲಿ ಮಾತ್ರ ಗುಳ್ಳೆ ನಾನು ಹೇಳಿದ ಮೂಲೆಯನ್ನು ಬಿಟ್ಟು ಎದುರಿನ ಮೂಲೆಯಲ್ಲಿ ಏಳುತ್ತಿತ್ತು. ಅದನ್ನು ನಾನು ಮರಳಿನ ಅಶಿಸ್ತೆಂದು ಬರೆದುಕೊಂಡೆ. ಇಷ್ಟಾಗಿಯೂ ನನ್ನ ಪ್ರಬಂಧಗಳನ್ನು ಬೇರೆ ವಿದ್ವಾಂಸರು ಏಕೆ ಉಲ್ಲೇಖಿಸುತ್ತಿಲ್ಲವೆಂಬ ಚಿಂತೆ ಹತ್ತಿ, ನಡುವಯಸ್ಸಿನಲ್ಲಿ ಉಲ್ಲೇಖ ವಿಶ್ಲೇಷಣೆಯೆಂಬ ಶಾಸ್ತ್ರಕ್ಕೆ ಕೈಹಾಕಿದೆ. ಯಾರ ಬರಹವನ್ನು ಯಾರು, ಎಷ್ಟು ಸಲ ಹೆಸರಿಸಿದ್ದಾರೆಂದು ಬೆನ್ನಟ್ಟಿ ಹೋಗುವ ಶಾಸ್ತ್ರವಿದು. ಕೂಲಂಕಷವಾಗಿ ಪರಿಶೀಲಿಸಿದ ಮೇಲೆ, ನನ್ನನ್ನು ಅತ್ಯಂತ ಶ್ರದ್ಧೆಯಿಂದ ಉಲ್ಲೇಖಿಸಿದ ವಿದ್ವಾಂಸ ನಾನೇ ಎಂದು ಗೊತ್ತಾಯಿತು. ಆ ಶೋಧನೆಯನ್ನೂ ಪ್ರಬಂಧವಾಗಿ ಪ್ರಕಟಿಸಿದೆ. ಅದನ್ನೂ ಆಮೇಲೆ ನಾನೇ ಉಲ್ಲೇಖಿಸಿದೆ.

ಹೀಗೆ ಎರಡು ಶಾಸ್ತ್ರಗಳನ್ನು ಮುಗಿಸಿ ಸಿಂಧನೂರಿನಲ್ಲಿ ವಿಶ್ರಾಂತನಾಗಿದ್ದಾಗ ಮೂರನೆಯದು ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬಂತು. ಮೂತ್ರದ ಧಾರೆ ತೆಳುವಾಯಿತು. ಬಚ್ಚಲಿಗೆ ಹೋಗಿ ನಿಂತರೆ ಯಾವುದೋ ಸಭೆಯಲ್ಲಿ ಅಧ್ಯಕ್ಷರ ಆಗಮನಕ್ಕೆ ಕಾದಂತೆ ಕಾಯಬೇಕಾಯಿತು. ಈ ಸಂಗತಿಯನ್ನು ಗೋಪ್ಯವಾಗಿಟ್ಟಿದ್ದೇನೆಂದು ನಾನು ತಿಳಿದಿದ್ದೆ. ಒಂದು ದಿನ ಬಚ್ಚಲಿನ ಬಾಗಿಲ ಹೊರಗಿನಿಂದಲೇ ನೀಲಮ್ಮ ಹೇಳಿದಳು: “ಕಾಲುವಿಗೆ ನೀರು ಬಿಡೂದು ತಡ ಆತಂದ್ರ ಇಡೀ ತಾಲೂಕು ರೋಡಿಗೆ ಬಂದು ಕುಂದರ್ತೈತಿ. ನೀವೊಬ್ರ ನೋಡ್ರಿ, ಏನೂ ಆಗಿಲ್ಲ ಅನ್ನವರಂಗ ಇದ್ದೀರಿ. ನಾಳೆ ಲಿಂಗಸುಗೂರಿಗೆ ಹೋಗೂದು.”

ಲಿಂಗಸುಗೂರಿಗೆ ನಮ್ಮನ್ನು ಕರೆದೊಯ್ದವನು ಬಸಣ್ಣ. ಅಕ್ಕಿ ವ್ಯಾಪಾರಿ, ಶಾಲೆಯಲ್ಲಿ ನನ್ನ ಜೊತೆಗೆ ಓದಿದವನು. ಅವನಿಗೆ ಇದೇ ತೊಂದರೆಯಾಗಿ, ಅಲ್ಲಿಯ ಮೂತ್ರರೋಗ ತಜ್ಞರಿಂದ ಆಪರೇಷನ್ ಆಗಿತ್ತು. “ನನ್ನ ನೋಡಲೇ, ಈಗ ಹೆಂಗ ಅದೀನಿ! ಕಾಲುವಿ ಗೇಟ್ ಎತ್ತಿದಂಗ!” ಎಂದು ದಾರಿಯುದ್ದಕ್ಕೂ ಧೈರ್ಯ ಹೇಳಿದ. ಒಬ್ಬನ ಅನುಭವದಿಂದ ಸಾಮಾನ್ಯ ನಿಯಮವನ್ನು ಸ್ಥಾಪಿಸಲು ಬರುವುದಿಲ್ಲವೆಂದು ನಾನು ಅವನಿಗೆ ತಿಳಿಹೇಳಿದೆ.

ಡಾಕ್ಟರು ನನ್ನ ಕೊನೆಯ ವಿದ್ಯಾರ್ಥಿಗಿಂತ ಕಿರಿಯರು. ಒಂದು ಕೋಣೆಗೆ ಕರೆದೊಯ್ದು, ಯಂತ್ರಕ್ಕೆ ಜೋಡಿಸಿದ ಲಾಳಿಕೆಯೊಂದನ್ನು ತೋರಿಸಿ, “ಇದರಾಗ ಮಾಡ್ರಿ ಸರ್. ಎಷ್ಟು ಜೋರು ಹರೀತೈತಿ ಅಂತ ಅದ ಗೀಟು ಬರೀತೈತಿ,” ಎಂದು ಬಾಗಿಲೆಳೆದುಕೊಂಡರು. ಇಕ್ಕಟ್ಟಾದ ದಾರಿಯಲ್ಲಿ ದ್ರವದ ಹರಿವನ್ನು ಕುರಿತು ಜೀವಮಾನವಿಡೀ ಉಪನ್ಯಾಸ ಕೊಟ್ಟ ನಾನು ಆ ಲಾಳಿಕೆಯ ಮುಂದೆ ಮೌನವಾಗಿ ನಿಂತೆ. ಕೊನೆಗೆ ಯಂತ್ರ ಬರೆದ ಗೀಟು ನಮ್ಮ ಕಡೆಯ ಎರೆಹೊಲದಂತೆ ಚಪ್ಪಟೆಯಾಗಿತ್ತು. ಯಂತ್ರದ ಅಳತೆಯನ್ನು ಕಡೆಯ ಸಲ ಯಾವಾಗ ಸರಿನೋಡಿದ್ದೆಂದು ವಿಚಾರಿಸಿದೆ.

“ಯಂತ್ರ ಛಲೋ ಐತ್ರಿ ಸರ್. ನಿಮ್ಮ ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗೇತಿ. ಗುಳಗಿಗೆ ಬಗ್ಗೂದಿಲ್ಲ, ಆಪರೇಷನ್ ಆಗಬೇಕು. ತಡ ಮಾಡಿದ್ರ ಒಂದಿನ ಒಮ್ಮಿಂದೊಮ್ಮಿಗೆ ಪೂರ್ತಿ ಬಂದ್ ಆಗ್ತೈತಿ.”

“ಹಂಗ ಅಂತ ಮೊದಲು ಹೇಳಿದವರು ಯಾರು?” ಎಂದು ಕೇಳಿದೆ.

“ನಮ್ಮ ಸರ್ ಹೇಳ್ಯಾರ್ರಿ.”

“ಅವರಿಗೆ ಯಾರು ಹೇಳ್ಯಾರ?”

ಡಾಕ್ಟರು ನೀಲಮ್ಮನ ಮುಖ ನೋಡಿದರು. ನೀಲಮ್ಮ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ನೋಡಿದಳು. ಕಡೆಗೆ ಆ ಪುಣ್ಯಾತ್ಮರು ಒಂದು ಪ್ರಬಂಧದ ಪ್ರತಿಯನ್ನು ನನ್ನ ಕೈಗಿತ್ತು, “ಓದ್ರಿ ಸರ್. ಆದ್ರ ಜಲ್ದಿ ಓದ್ರಿ,” ಎಂದರು.

ಜಲ್ದಿ ಓದುವುದು ನನ್ನ ಶಿಸ್ತಿಗೆ ಹೊರಗಿನದು. ಆ ಪ್ರಬಂಧದಲ್ಲಿ ‘ತಡ ಮಾಡಿದರೆ ಬಂದ್ ಆಗುತ್ತದೆ’ ಎಂಬ ಅರ್ಥದ ವಾಕ್ಯಕ್ಕೆ ಇನ್ನೊಂದು ಪ್ರಬಂಧವನ್ನು ಆಧಾರ ಕೊಟ್ಟಿದ್ದರು. ಅದನ್ನು ತರಿಸಿದೆ. ಅದು ಮತ್ತೊಂದರತ್ತ ಕೈತೋರಿಸಿತು. ಆ ಮತ್ತೊಂದು ಮಗದೊಂದರ ಮನೆಯ ದಾರಿ ಹೇಳಿತು. ಬೇಸಿಗೆ ಮುಗಿದು, ಗದ್ದೆಗಳಲ್ಲಿ ನಾಟಿಯೂ ಮುಗಿಯಿತು. “ಭತ್ತ ಹಚ್ಚಿದವರು ಕೊಯ್ಯೂದರಾಗರ ನಿಮ್ಮ ಓದು ಮುಗೀತೈತೇನ್ರಿ?” ಎಂದು ನೀಲಮ್ಮ ಕೇಳುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ನನಗೆ ಸಿಕ್ಕ ಪ್ರಬಂಧ ತನ್ನ ಆಧಾರವೆಂದು ಹೆಸರಿಸಿದ್ದು, ನಾನು ಆಗಲೇ ದಾಟಿ ಬಂದಿದ್ದ ಇನ್ನೊಂದನ್ನೇ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಎಲ್ಲರೂ ದುಂಡಗೆ ನಿಂತಿದ್ದರು! ನಾನು ಕುರ್ಚಿಯಿಂದೆದ್ದು ಕುಣಿಯುವುದೊಂದು ಬಾಕಿ. ಹಾಗೆ ಕುಣಿಯಲು ನನ್ನ ಕಿಬ್ಬೊಟ್ಟೆ ಒಪ್ಪುತ್ತಿರಲಿಲ್ಲ.

ಮರುದಿನವೇ ಬಸಣ್ಣನ ಕಾರಿನಲ್ಲಿ ಲಿಂಗಸುಗೂರಿಗೆ ಹೊರಟೆವು. ಆಪರೇಷನ್ನಿಗೆಂದು ನೀಲಮ್ಮ ತಿಳಿದಿದ್ದಳು. ಡಾಕ್ಟರ ಮಾತು ನಿರಾಧಾರವೆಂದು ಅವರಿಗೇ ತೋರಿಸಿ ಬರಲೆಂದು ನಾನು ತಿಳಿದಿದ್ದೆ. ಮಸ್ಕಿಯಲ್ಲಿ ಬಸಣ್ಣ ಮಿರ್ಚಿಭಜಿ, ಚಹಾಕ್ಕೆಂದು ಕಾರು ನಿಲ್ಲಿಸಿದ. ನಾನು ಎರಡು ಕಪ್ ಚಹಾ ಕುಡಿದು, ಆ ಪ್ರಬಂಧಗಳ ವೃತ್ತವನ್ನು ಅವನಿಗೆ ಮಿರ್ಚಿಗಳನ್ನು ದುಂಡಗೆ ಜೋಡಿಸಿ ವಿವರಿಸಿದೆ. ಅವನು ಆಧಾರಗಳನ್ನು ಒಂದೊಂದಾಗಿ ತಿಂದು ಮುಗಿಸಿದ. ಆಮೇಲೆ ನಾನು ಶೌಚಾಲಯಕ್ಕೆ ಹೋದೆ.

ಅಲ್ಲಿ ಏನೂ ಆಗಲಿಲ್ಲ. ಸ್ವಲ್ಪವೂ ಆಗಲಿಲ್ಲ. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿಕೊಂಡೆ; ತುಂಗಭದ್ರೆಯನ್ನು ನೆನೆದೆ; ಉಪಯೋಗವಾಗಲಿಲ್ಲ. ಅಪ್ಪಟ ನಿರಾಧಾರವೆಂದು ನಾನು ಸಾಧಿಸಿದ್ದ ಸಂಗತಿ, ನನ್ನ ದೇಹದಲ್ಲೇ, ಅಕ್ಷರಶಃ ಸಂಭವಿಸಿತ್ತು. ಬೆವೆತು ಹೊರಗೆ ಬಂದ ನನ್ನನ್ನು ನೋಡಿ ನೀಲಮ್ಮ ಕಾರಿನ ಬಾಗಿಲು ತೆಗೆದಳು.

“ಹಿಂದಕ್ಕ ಸಿಂಧನೂರಿಗೆ ಹೊಡೀಲೋ, ಮುಂದ ಲಿಂಗಸುಗೂರಿಗೋ?” ಬಸಣ್ಣ ಕೇಳಿದ.

“ಯಾವುದು ಹತ್ತಿರ ಅಂತ... ರಸ್ತೆಯ ಕಲ್ಲು ಒಂದು ಹೇಳತೈತಿ, ನಕ್ಷೆ ಇನ್ನೊಂದು...” ಎಂದು ನಾನು ಹಲ್ಲು ಕಚ್ಚಿಕೊಂಡು ಆರಂಭಿಸಿದೆ.

“ಬಸಣ್ಣಾರ, ಇವರನ್ನ ಕೇಳಬ್ಯಾಡ್ರಿ. ಮುಂದಕ್ಕ ನಡೀರಿ!” ಎಂದು ನೀಲಮ್ಮ ಕೂಗಿದಳು.

ಆ ರಸ್ತೆಯ ಪ್ರತಿಯೊಂದು ಉಬ್ಬು ತಗ್ಗಿಗೂ ನಾನು ಇಂದಿಗೂ ಪ್ರಮಾಣಪತ್ರ ಬರೆದುಕೊಡಬಲ್ಲೆ. ಲಿಂಗಸುಗೂರಿನಲ್ಲಿ ಡಾಕ್ಟರು ತೆಳುವಾದ ಕೊಳವೆಯೊಂದನ್ನು ಒಳಸೇರಿಸಿ, ತಡೆದು ನಿಂತದ್ದನ್ನು ಹರಿಯಬಿಟ್ಟರು. ಮೋಕ್ಷವನ್ನು ಕುರಿತು ಹಿರಿಯರು ಹೇಳಿದ್ದನ್ನೆಲ್ಲ ಆ ಕ್ಷಣ ನಾನು ಆಧಾರ ಕೇಳದೆ ಒಪ್ಪಿಕೊಂಡೆ. ಡಾಕ್ಟರು ಕೊಳವೆಯ ತುದಿಯ ಚೀಲ ತುಂಬುವುದನ್ನು ನೋಡುತ್ತ, “ಏನೋ ತೋರಸಬೇಕಂತ ಬಂದಿದ್ರಂತಲ್ರಿ ಸರ್?” ಎಂದರು. ಏನೂ ಇಲ್ಲವೆಂದು ತಲೆಯಾಡಿಸಿ, ಆಪರೇಷನ್ನಿನ ಒಪ್ಪಿಗೆಯ ಕಾಗದಕ್ಕೆ ಎಲ್ಲಿ ಸಹಿ ಮಾಡಬೇಕೆಂದು ಕೇಳಿದೆ. ಬದುಕಿನಲ್ಲಿ ಓದದೆ ಸಹಿ ಮಾಡಿದ ಕಾಗದ ಅದೊಂದೇ.

ಆಪರೇಷನ್ ಸಲೀಸಾಗಿ ಮುಗಿದು, ನಾನು ಬಸಣ್ಣನ ಸಾಮಾನ್ಯ ನಿಯಮಕ್ಕೆ ಎರಡನೆಯ ಉದಾಹರಣೆಯಾದೆ. ಕೆಲವು ವಾರಗಳಾದ ಮೇಲೆ ಡಾಕ್ಟರು ಫೋನ್ ಮಾಡಿದರು. ನನ್ನ ಪ್ರಕರಣವನ್ನು, ಹೆಸರು ಹಾಕದೆ, ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದಾರಂತೆ. ಆಧಾರಗಳನ್ನು ಸರಿನೋಡುವುದರಲ್ಲಿ ನನ್ನಂಥವರು ಈ ಸೀಮೆಯಲ್ಲೇ ಇಲ್ಲವಾದ್ದರಿಂದ ಕರಡನ್ನು ಒಮ್ಮೆ ನೋಡಿಕೊಡಬೇಕಂತೆ. ಹಿಗ್ಗಿನಿಂದ ಕೆಂಪು ಪೆನ್ನು ಹಿಡಿದು ಕೂತೆ. ತಾರೀಖುಗಳೆಲ್ಲ ಸರಿಯಿದ್ದವು. ಎರಡನೆಯ ಪುಟದಲ್ಲಿ ಮಾತ್ರ, ‘ಚಿಕಿತ್ಸೆ ತಡವಾದದ್ದಕ್ಕೆ ಕಾರಣ: ಶಸ್ತ್ರಚಿಕಿತ್ಸೆಯ ಕುರಿತು ರೋಗಿಗಿದ್ದ ಭಯ’ ಎಂದಿತ್ತು. ಕೆಳಗಡೆ ಆಧಾರವನ್ನೂ ಕೊಟ್ಟಿದ್ದರು: ‘ರೋಗಿಯ ಪತ್ನಿಯ ಹೇಳಿಕೆ.’

ಕರಡು ಹಿಡಿದುಕೊಂಡು ಅಡಿಗೆಮನೆಗೆ ನಡೆದೆ. ವಿದ್ವತ್ತಿನ ಪರಿಶೀಲನೆಯನ್ನು ಭಯವೆಂದು ಕರೆಯಲು ಇವಳಲ್ಲಿ ಯಾವ ಪುರಾವೆಯಿದೆಯೆಂದು ಕೇಳಿದೆ. ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಆಪರೇಷನ್ ಅಂತ ಬರೆದಿದ್ದ ಹಾಳಿ ಓದೂ ಮುಂದ ನಿಮ್ಮ ಕೈ ನಡಗತಿದ್ವು. ಚಾ ಚೆಲ್ಲಿಕೋತೀರಿ ಅಂತ, ಆ ಹಾಳಿ ಮುಗಿಯೂತನ ಕಪ್ಪು-ಬಸಿ ನಾ ಹಿಡಕೊಂಡು ನಿಂದರ್ತಿದ್ನಿ. ಖರೇನೋ ಸುಳ್ಳೋ ಹೇಳ್ರಿ.”

ನಾನು ವಾಪಸ್ಸು ಬಂದು ಮೇಜಿನ ಮುಂದೆ ಕೂತೆ. ಸಾಕ್ಷಿ ಪ್ರತ್ಯಕ್ಷದರ್ಶಿ, ಅವಲೋಕನ ನಿರಂತರ, ಇನ್ನೊಬ್ಬರಿಂದ ಎರವಲು ಪಡೆದ ಮಾತು ಒಂದೂ ಇಲ್ಲ. ಇಷ್ಟು ಗಟ್ಟಿಯಾದ ಮೂಲ ಆಧಾರವನ್ನು ನಾನು ಉಲ್ಲೇಖ ವಿಶ್ಲೇಷಣೆಯ ಇಡೀ ಅವಧಿಯಲ್ಲಿ ಕಂಡಿರಲಿಲ್ಲ. ಆದರೂ ಶಾಸ್ತ್ರಕ್ಕೆ ನಿಷ್ಠನಾಗಿರಬೇಕಲ್ಲ. ವಾಕ್ಯದಲ್ಲಿ ಅಳತೆಯ ದೋಷವೊಂದು ಉಳಿದಿತ್ತು. ‘ಭಯ’ ಎಂಬುದರ ಹಿಂದೆ ಕೆಂಪು ಪೆನ್ನಿನಿಂದ ‘ತೀವ್ರ’ ಎಂದು ಸೇರಿಸಿ, ಕರಡನ್ನು ಲಿಂಗಸುಗೂರಿಗೆ ಕಳುಹಿಸಿಕೊಟ್ಟೆ.